ಅಳಲು ಬಂದವರಲ್ಲ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಣ್ಣ ಸಭಾಂಗಣದಲ್ಲಿ ಮಾತೃಭಾಷಾ ದಿನದ ಕಾರ್ಯಕ್ರಮವಿತ್ತು. ಒಂದೊಂದು ಭಾಷೆಯವರು ಒಂದೊಂದು ಹಾಡು ಹಾಡಬೇಕು, ಕೊನೆಗೆ ಎಲ್ಲರಿಗೂ ಚಹಾ ಎಂಬ ಏರ್ಪಾಡು. ತುಳುವಿನವರು ಪಾಡ್ದನದ ಒಂದು ತುಣುಕು ಹೇಳಿದರು, ಕೊಂಕಣಿಯವರು ಕಾಲು ಕುಣಿಸುವಂಥದ್ದೊಂದನ್ನು ಹಾಡಿದರು, ಸಭೆ ಧಾರಾಳವಾಗಿ ಚಪ್ಪಾಳೆ ತಟ್ಟಿತು. ಬಂಗಾಳಿಗಳ ಸರದಿ ಬಂದಾಗ ನಾಲ್ಕೈದು ಜನ ಚಪ್ಪಲಿ ಕಳಚಿಟ್ಟು ವೇದಿಕೆ ಹತ್ತಿದರು. ಹಾರ್ಮೋನಿಯಂ ಅಲ್ಲೇ ಇತ್ತು, ಯಾರೂ ಮುಟ್ಟಲಿಲ್ಲ. ‘ಆಮಾರ್ ಭಾಯೇರ್ ರಕ್ತೇ ರಾಂಗಾನೋ’ ಎಂದು ಎತ್ತಿಕೊಂಡರು: ನನ್ನ ಸೋದರನ ನೆತ್ತರಿನಿಂದ ಕೆಂಪಾದ ಫೆಬ್ರುವರಿ 21ನ್ನು ನಾನು ಮರೆಯುವುದುಂಟೇ. 1952ರ ಆ ದಿನ, ಉರ್ದುವಿನ ಜೊತೆ ಬಂಗಾಳಿಯೂ ರಾಷ್ಟ್ರಭಾಷೆಯಾಗಲಿ ಎಂದು ಕೇಳಿದ ವಿದ್ಯಾರ್ಥಿಗಳ ಮೇಲೆ, ಆಗ ಪಾಕಿಸ್ತಾನಕ್ಕೆ ಸೇರಿದ್ದ ಢಾಕಾದಲ್ಲಿ ಪೊಲೀಸರು ಗುಂಡು ಹಾರಿಸಿದ್ದರು. ಹಾಡು ಮುಗಿದಾಗ ಅರ್ಧ ಸಭೆ ಚಪ್ಪಾಳೆ ತಟ್ಟಿತು, ಇನ್ನರ್ಧ ತಲೆ ತಗ್ಗಿಸಿ ಕುಳಿತಿತ್ತು. ತಟ್ಟುತ್ತಿದ್ದವರಿಗೆ ಏನೋ ಎಡವಟ್ಟಾಯಿತು ಎನ್ನಿಸಿ ಸದ್ದು ನಡುವೆಯೇ ಅಡಗಿತು. ನಿರೂಪಕಿ ಗಡಿಬಿಡಿಯಲ್ಲಿ ಮುಂದಿನವರ ಹೆಸರು ಕೂಗಿದಳು.

ನನ್ನ ಪಕ್ಕದಲ್ಲಿ ಅಸ್ಸಾಮಿನ ಸಿಲ್ಚರ್ ಕಡೆಯ ಬಂಗಾಳಿ ಹಿರಿಯರೊಬ್ಬರು ಕುಳಿತಿದ್ದರು. ನಿವೃತ್ತರು, ಮಗಳ ಮನೆಗೆಂದು ಬಂದವರು. ‘ಇದಕ್ಕೆ ಚಪ್ಪಾಳೆ ತಟ್ಟುವುದಿಲ್ಲ’ ಎಂದು ಮೆಲ್ಲನೆ ಹೇಳಿದರು. ‘ಸುಮ್ಮನೆ ಕೂರಬೇಕೇ ದಾದಾ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, ‘ಬರೆದವನಿಗೆ ನೀವು ಸುಮ್ಮನೆ ಕೂರುವುದೂ ಬೇಕಿರಲಿಲ್ಲ. ಪೂರ್ತಿ ಓದಿ ನೋಡಿ’ ಎಂದರು. ಅಷ್ಟು ಹೇಳಿ ಚಹಾದ ಸಾಲಿನತ್ತ ಹೊರಟರು. ಆ ಮಾತು ನನ್ನನ್ನು ಬಿಡಲಿಲ್ಲ.

ಪೂರ್ತಿ ಓದಿದರೆ ಅವರು ಹೇಳಿದ್ದು ಸರಿಯೇ. ಹಾಡು ಬರೆದ ಅಬ್ದುಲ್ ಗಫ್ಫಾರ್ ಚೌಧುರಿ ಆಗಿನ್ನೂ ವಿದ್ಯಾರ್ಥಿ. 1952ರ ಆ ದಿನ ಗಾಯಗೊಂಡವರನ್ನು ನೋಡಲು ಢಾಕಾ ವೈದ್ಯಕೀಯ ಕಾಲೇಜಿಗೆ ಹೋದಾಗ ಕಂಡದ್ದು ರಫೀಕುದ್ದೀನನ ಹೆಣ. ಗುಂಡು ತಲೆಗೆ ಬಿದ್ದಿತ್ತು. ತನ್ನ ಒಡಹುಟ್ಟಿದವನನ್ನೇ ನೋಡಿದಂತೆ ಅನ್ನಿಸಿ ಮೊದಲ ಸಾಲು ಹುಟ್ಟಿತಂತೆ. ಫೆಬ್ರುವರಿಯ ಬೆಳಗಿನ ಮೆರವಣಿಗೆಗಳಲ್ಲಿ ನಮ್ಮ ಕಿವಿಗೆ ಬೀಳುವುದು ಆ ಸಾಲು, ಮಕ್ಕಳನ್ನು ಕಳೆದುಕೊಂಡ ತಾಯಂದಿರ ಕಣ್ಣೀರು, ಮತ್ತೆ ಆ ಸಾಲು. ಅಲ್ಲಿಗೆ ಹೆಚ್ಚಿನವರು ನಿಲ್ಲಿಸುತ್ತಾರೆ. ಕವಿತೆ ಅಲ್ಲಿ ನಿಲ್ಲುವುದಿಲ್ಲ. ಅದು ಹೆಣ್ಣು ಸರ್ಪಗಳನ್ನು ಎಬ್ಬಿಸುತ್ತದೆ, ವೈಶಾಖದ ಬಿರುಗಾಳಿಯನ್ನು ಕರೆಯುತ್ತದೆ, ಕೊಂದವರು ಈ ನೆಲದವರೇ ಅಲ್ಲ ಎನ್ನುತ್ತದೆ, ಕೊನೆಗೆ ಕ್ರೋಧದ ಬೆಂಕಿಯಲ್ಲಿ ಫೆಬ್ರುವರಿಯನ್ನು ಮತ್ತೆ ಹೊತ್ತಿಸುವ ಮಾತಾಡುತ್ತದೆ. ತಲೆ ತಗ್ಗಿಸಿ ಕೇಳಬಹುದಾದ ಭಾಗ ಬಾಯಿಂದ ಬಾಯಿಗೆ ಉಳಿಯಿತು, ತಲೆ ಎತ್ತಿಸುವ ಭಾಗ ಪುಸ್ತಕದಲ್ಲಿ ಉಳಿಯಿತು.

ರಾಗದ್ದೂ ಒಂದು ಕಥೆಯಿದೆ. ಮೊದಲು ರಾಗ ಹಾಕಿದವರು ಅಬ್ದುಲ್ ಲತೀಫ್. ಅದನ್ನು ಹಾಡಿದರೆಂದು ಢಾಕಾ ಕಾಲೇಜಿನಿಂದ ವಿದ್ಯಾರ್ಥಿಗಳನ್ನು ಹೊರಹಾಕಿದ್ದೂ ಉಂಟು. ಇಂದು ಎಲ್ಲರೂ ಹಾಡುವುದು ಆಮೇಲೆ ಅಲ್ತಾಫ್ ಮಹಮೂದ್ ಕೂಡಿಸಿದ ಧಾಟಿ. ನಿಧಾನ, ಏರಿ ತಟ್ಟನೆ ಇಳಿಯುವ, ಬರಿಗಾಲ ನಡಿಗೆಗೆ ಹೊಂದುವ ಧಾಟಿ. ಈ ಶೋಕದ ರಾಗ ಕಟ್ಟಿದ ಮನುಷ್ಯ 1971ರ ಬಾಂಗ್ಲಾ ವಿಮೋಚನಾ ಯುದ್ಧದಲ್ಲಿ ತನ್ನ ಮನೆಯ ಅಂಗಳದಲ್ಲಿ ಗೆರಿಲ್ಲಾ ಹುಡುಗರ ಆಯುಧಗಳನ್ನು ಹೂತಿಟ್ಟಿದ್ದ. ಆಗಸ್ಟ್ 30ರಂದು ಪಾಕಿಸ್ತಾನಿ ಸೇನೆ ಅವನನ್ನು ಹಿಡಿದೊಯ್ದಿತು. ಮರಳಿ ಬರಲಿಲ್ಲ. ಹಾಗಾಗಿ ರಾಗವೇ ಹಾಡನ್ನು ಮೆತ್ತಗಾಗಿಸಿತು ಎಂದು ದೂರುವ ಧೈರ್ಯ ನನಗಿಲ್ಲ.

ಮೊದಲ ವಾರದ ಸಿಟ್ಟು

ಏಕುಶೆಯ (ಇಪ್ಪತ್ತೊಂದನ್ನು ಅವರು ಕರೆಯುವುದೇ ಹಾಗೆ) ಕಲೆಯನ್ನು ನಾವು ಸ್ಮಾರಕಗಳ ಸಾಲಿನಲ್ಲಿಟ್ಟು ನೋಡುತ್ತೇವೆ. ಆದರೆ ಅದರಲ್ಲಿ ಮೊದಲಿನವು ಯಾವುವೂ ನೆನಪಿಗಾಗಿ ಹುಟ್ಟಿದವಲ್ಲ. ನೆನಪು ಮಾಡಿಕೊಳ್ಳಲು ಆಗಿನ್ನೂ ಏನೂ ಮುಗಿದಿರಲಿಲ್ಲ. ಚಿತ್ತಗಾಂಗಿನಲ್ಲಿ ಮಹಬೂಬ್ ಉಲ್ ಆಲಂ ಚೌಧುರಿ ಸೀತಾಳೆ ಸಿಡುಬಿನಿಂದ ಮಲಗಿದ್ದರು. ಢಾಕಾದ ಗೋಲಿಬಾರಿನ ಸುದ್ದಿ ಬಂದ ಸಂಜೆಯೇ ಒಂದು ದೀರ್ಘ ಕವಿತೆ ಬರೆದರು. ಅದರ ಹೆಸರೇ ಒಂದು ಅಹವಾಲು: ಅಳಲು ಬಂದಿಲ್ಲ, ಗಲ್ಲಿಗೇರಿಸಿ ಎಂದು ಕೇಳಲು ಬಂದಿದ್ದೇನೆ. ರಾತ್ರೋರಾತ್ರಿ ಅಚ್ಚಾಯಿತು, ಲಾಲ್‌ದೀಘಿ ಮೈದಾನದ ಸಭೆಯಲ್ಲಿ ಓದಲಾಯಿತು, ತಕ್ಷಣವೇ ನಿಷೇಧವೂ ಆಯಿತು. ಪ್ರತಿಗಳು ಎಷ್ಟು ಚೆನ್ನಾಗಿ ನಾಶವಾದವೆಂದರೆ ಪೂರ್ಣ ಪಾಠ ದಶಕಗಳ ಕಾಲ ಕಾಣೆಯಾಗಿತ್ತು. ಏಕುಶೆಯ ಮೊದಲ ಕವಿತೆ ಎಂಬ ಖ್ಯಾತಿ ಮಾತ್ರ ಉಳಿದಿತ್ತು. ಓದಿದವರಿಗಿಂತ ಅದರ ಬಗ್ಗೆ ಕೇಳಿದವರೇ ಹೆಚ್ಚು.

ಆ ಶೀರ್ಷಿಕೆಯನ್ನು ಮೊದಲ ಬಾರಿ ಓದಿದಾಗ ನನಗೆ ಸಿಲ್ಚರಿನ ಹಿರಿಯರ ಮಾತಿನ ಅರ್ಥ ಹೊಳೆಯಿತು. ಕವಿ ಸತ್ತವರಿಗೆ ಕಣ್ಣೀರು ಕೊಡಲು ಒಪ್ಪುವುದಿಲ್ಲ. ಕಣ್ಣೀರು ಕೊಟ್ಟರೆ ಲೆಕ್ಕ ಚುಕ್ತಾ ಆದಂತೆ. ಅವನಿಗೆ ಬೇಕಾದದ್ದು ನ್ಯಾಯಾಲಯ, ವಿಚಾರಣೆ, ಶಿಕ್ಷೆ. ಅದೇ ಹೊತ್ತಿನ ಚಿತ್ರಕಲೆಯಲ್ಲೂ ಇದೇ ಗುಣ. ಮುರ್ತಜಾ ಬಶೀರ್ ಆಗ ಢಾಕಾದ ಕಲಾ ಶಾಲೆಯ ವಿದ್ಯಾರ್ಥಿ, ಗುಂಡು ತಗುಲಿದ ಬರ್ಕತ್‌ನನ್ನು ಆಸ್ಪತ್ರೆಗೆ ಹೊತ್ತವರಲ್ಲಿ ಒಬ್ಬರು. ಆ ವರ್ಷವೇ ಅವರು ಆ ದಿನವನ್ನು ಲಿನೋ ಹಲಗೆಯಲ್ಲಿ ಕೊರೆದರು. ಲಿನೋದಲ್ಲಿ ಮೃದುವಾದ ಗೆರೆಗೆ ಜಾಗವಿಲ್ಲ. ಉಳಿ ಹೋದಲ್ಲಿ ಬಿಳಿ, ಹೋಗದಲ್ಲಿ ಕಪ್ಪು. ಕಣ್ಣಾರೆ ಕಂಡವನು ಕಟಕಟೆಯಲ್ಲಿ ನಿಂತು ಹೇಳಿದಂತಿದೆ ಆ ಚಿತ್ರ. ಮರುವರ್ಷ ಹಸನ್ ಹಫೀಜುರ್ ರಹಮಾನ್ ಕವಿತೆ, ಕಥೆ, ಹಾಡು, ಪ್ರಬಂಧಗಳನ್ನೆಲ್ಲ ಸೇರಿಸಿ ‘ಏಕುಶೆ ಫೆಬ್ರುವರಿ’ ಎಂಬ ಸಂಕಲನ ತಂದರು. ಬಶೀರರ ಚಿತ್ರಗಳು ಅದರಲ್ಲಿದ್ದವು. ಸರ್ಕಾರ ಅದನ್ನೂ ಮುಟ್ಟುಗೋಲು ಹಾಕಿಕೊಂಡಿತು.

ಒಂದು ಪಕ್ಕದ ಮಾತು. ನಮ್ಮ ಏಕೀಕರಣದ ಹಾಡನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಕೇಳಿಸಿದ ಹುಯಿಲಗೋಳ ನಾರಾಯಣರಾಯರ ಹಾಡು ಹಾರೈಕೆಯ ಹಾಡು, ಇನ್ನೂ ಬಾರದ ನಾಡನ್ನು ಕರೆಯುವ ಹಾಡು. ಅದಕ್ಕೆ ನಾವು ನಿಶ್ಚಿಂತೆಯಿಂದ ಚಪ್ಪಾಳೆ ತಟ್ಟಬಹುದು. ನವೆಂಬರಿನ ಅಭ್ಯಾಸವಿರುವ ನಮಗೆ ಫೆಬ್ರುವರಿಯ ಹಾಡು ಎದುರಾದಾಗ ಕೈ ಎಲ್ಲಿಡಬೇಕೆಂದು ತಿಳಿಯದಿರುವುದು ಸಹಜವೇ.

ಹೂಳಿಸಿಕೊಳ್ಳಲು ಒಪ್ಪದ ಹೆಣಗಳು

ಇಡೀ ಏಕುಶೆ ಸಾಹಿತ್ಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದದ್ದು ಒಂದು ಪುಟ್ಟ ನಾಟಕ, ಮುನೀರ್ ಚೌಧುರಿಯವರ ‘ಕಬರ್’. ಗೋಲಿಬಾರನ್ನು ಪ್ರತಿಭಟಿಸಿದ್ದಕ್ಕೆ ಢಾಕಾ ವಿಶ್ವವಿದ್ಯಾಲಯದ ಈ ಅಧ್ಯಾಪಕ ಜೈಲು ಸೇರಿದ್ದರು. ಢಾಕಾ ಕೇಂದ್ರ ಕಾರಾಗೃಹದ ಇನ್ನೊಂದು ಕೊಠಡಿಯಲ್ಲಿದ್ದ ಲೇಖಕ ರಣೇಶ್ ದಾಸ್‌ಗುಪ್ತ ಗುಟ್ಟಾಗಿ ಒಂದು ಚೀಟಿ ಕಳಿಸಿದರು: ಫೆಬ್ರುವರಿ 21 ಬರುತ್ತಿದೆ, ನಾವು ಕೈದಿಗಳು ಆಡಬಹುದಾದ ನಾಟಕವೊಂದನ್ನು ಬರೆದುಕೊಡಿ. ಷರತ್ತುಗಳೂ ಇದ್ದವು. ಜೈಲಿನಲ್ಲಿ ರಾತ್ರಿ ದೀಪ ಆರಿದ ಮೇಲೆ ಆಡಬೇಕು, ಲಾಟೀನಿನ ಬೆಳಕಿನಲ್ಲೇ ನಡೆಯಬೇಕು, ಹೆಣ್ಣು ಪಾತ್ರದ ಗೋಜು ಇರಬಾರದು, ರಂಗಸಜ್ಜಿಕೆ ಎಂಬುದು ಇಲ್ಲವೇ ಇಲ್ಲ. ಬೇರೆ ನಾಟಕಕಾರ ಇದನ್ನು ಕೊರತೆಗಳ ಪಟ್ಟಿ ಎಂದುಕೊಳ್ಳುತ್ತಿದ್ದ. ಮುನೀರ್ ಚೌಧುರಿ ಆ ಕತ್ತಲೆಯನ್ನೇ ನಾಟಕದ ವಸ್ತು ಮಾಡಿಕೊಂಡರು. ಜಾಗ ಸ್ಮಶಾನ, ಹೊತ್ತು ಅಪರಾತ್ರಿ, ಕೈಯಲ್ಲಿ ಲಾಟೀನು.

ಕರ್ಫ್ಯೂ ಮುಗಿಯುವ ಮುನ್ನ ಗುಂಡಿಗೆ ಬಲಿಯಾದವರ ಹೆಣಗಳನ್ನು ಒಂದೇ ಗುಂಡಿಗೆ ಹಾಕಿ ಮುಚ್ಚಿಬಿಡಬೇಕು. ಅದಕ್ಕಾಗಿ ಒಬ್ಬ ರಾಜಕೀಯ ನಾಯಕ, ಒಬ್ಬ ಪೊಲೀಸ್ ಅಧಿಕಾರಿ ಬಂದಿದ್ದಾರೆ. ನಾಯಕನಿಗೆ ಹೆದರಿಕೆ ಮರೆಯಲು ಕುಡಿತ. ಗುಂಡಿ ತೋಡುವವರು ಗೊಣಗುತ್ತಾರೆ. ನಡುವೆ ಮುರ್ದಾ ಫಕೀರ ಎಂಬ ಅರೆಹುಚ್ಚ ಬರುತ್ತಾನೆ. 1943ರ ಕ್ಷಾಮದಲ್ಲಿ ತನ್ನವರೆಲ್ಲ ಕಣ್ಣೆದುರೇ ಸತ್ತಾಗ ಅವರನ್ನು ಮಣ್ಣು ಮಾಡಲಾಗದೆ ಅಂದಿನಿಂದ ಸ್ಮಶಾನದಲ್ಲೇ ಉಳಿದವನು ಅವನು. ಹೆಣಗಳನ್ನು ಮೂಸಿ ನೋಡಿ, ಇದು ಸತ್ತವರ ವಾಸನೆಯಲ್ಲ, ಸಿಡಿಮದ್ದಿನ ವಾಸನೆ, ಇವರು ಇಲ್ಲಿ ನಿಲ್ಲುವವರಲ್ಲ ಎಂಬ ಧಾಟಿಯಲ್ಲಿ ಮಾತಾಡುತ್ತಾನೆ. ಆಮೇಲೆ ಸತ್ತವರು ಎದ್ದು ನಿಲ್ಲುತ್ತಾರೆ. ಗುಂಡಿಗೆ ಇಳಿಯುವುದಿಲ್ಲ ಎಂದು ಹಟ ಹಿಡಿಯುತ್ತಾರೆ. ನಾಯಕ ಹೆದರಿಸುತ್ತಾನೆ, ಪುಸಲಾಯಿಸುತ್ತಾನೆ, ಭಾಷಣ ಮಾಡುತ್ತಾನೆ. ಅಧಿಕಾರಿಯದು ಕಚೇರಿಯ ಜಾಣತನ. ಎಲ್ಲ ಕುಡಿದ ತಲೆಯ ಭ್ರಮೆಯೋ ನಿಜವೋ ಎಂಬುದನ್ನು ನಾಟಕ ಬಿಡಿಸಿ ಹೇಳುವುದಿಲ್ಲ.

1953ರ ಫೆಬ್ರುವರಿ 21ರಂದು ಕೈದಿಗಳೇ ಅದನ್ನು ಆಡಿದರು. ನೋಡಿದವರೂ ಕೈದಿಗಳೇ. ನಾನು ಆ ರಾತ್ರಿಯನ್ನು ಮತ್ತೆ ಮತ್ತೆ ಊಹಿಸಿಕೊಂಡಿದ್ದೇನೆ: ಹೂಳಿಸಿಕೊಳ್ಳಲು ಒಲ್ಲೆ ಎನ್ನುವ ಹೆಣದ ಪಾತ್ರ ಮಾಡುವವನು ಸ್ವತಃ ಸರ್ಕಾರ ಗೋಡೆಗಳ ನಡುವೆ ಹೂತಿಟ್ಟ ಮನುಷ್ಯ. ಮಸಿ ಬಳಿದು ಗಾಯ ತೋರಿಸುವ ಅಗತ್ಯವೂ ಇರಲಿಕ್ಕಿಲ್ಲ. ನಾಟಕದಲ್ಲಿ ನಗುವೂ ಇದೆ ಎಂಬುದನ್ನು ಅದರ ಬಗ್ಗೆ ಬರೆಯುವವರು ಯಾಕೋ ಬಿಟ್ಟುಬಿಡುತ್ತಾರೆ. ನಾಯಕನ ಪೊಳ್ಳು ಮಾತು ಕೇಳಿ ಜೈಲಿನ ಪ್ರೇಕ್ಷಕರು ನಕ್ಕಿರಲೇಬೇಕು. ಇಂದು ಶಾಲೆ ಕಾಲೇಜುಗಳಲ್ಲಿ ಪ್ರತಿ ಫೆಬ್ರುವರಿಯಲ್ಲಿ ಅದನ್ನು ಗಂಭೀರ ಮುಖ ಹೊತ್ತು ಆಡುವುದನ್ನು ನೆನೆದರೆ, ಸತ್ತವರನ್ನು ಬೇಗ ಮಣ್ಣು ಮಾಡುವ ಕೆಲಸಕ್ಕೆ ನಾಯಕ ಮತ್ತು ಅಧಿಕಾರಿ ಇಬ್ಬರೇ ಬೇಕಿಲ್ಲ, ಒಳ್ಳೆಯ ಮನಸ್ಸಿನ ಸಾಂಸ್ಕೃತಿಕ ಕಾರ್ಯಕ್ರಮವೂ ಸಾಕು ಎನ್ನಿಸುತ್ತದೆ. ಮುನೀರ್ ಚೌಧುರಿ ಮುಂದೆ ಬಂಗಾಳಿ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನೂ ರೂಪಿಸಿದರು. ಭಾಷೆಗಾಗಿ ಜೈಲಿಗೆ ಹೋದವನು ಅಕ್ಷರಗಳನ್ನು ಬೆರಳಿಗೆ ಸಿಗುವಂತೆ ಜೋಡಿಸುತ್ತ ಕೂತದ್ದು ನನಗೆ ನಾಟಕದಷ್ಟೇ ಇಷ್ಟ. 1971ರ ಡಿಸೆಂಬರ್ 14ರಂದು, ಯುದ್ಧ ಮುಗಿಯಲು ಎರಡು ದಿನವಿದ್ದಾಗ, ಮನೆಯಿಂದ ಎಳೆದೊಯ್ದು ಕೊಂದರು. ಹೆಣ ಸಿಗಲಿಲ್ಲ.

ಮಿನಾರು

ಮೊದಲ ಶಹೀದ್ ಮಿನಾರು (ಹುತಾತ್ಮರ ಸ್ಮಾರಕ) ಯಾವ ಕಲಾವಿದನ ಕನಸೂ ಅಲ್ಲ. 1952ರ ಫೆಬ್ರುವರಿ 23ರ ರಾತ್ರಿ, ಕರ್ಫ್ಯೂ ನಡುವೆ, ವೈದ್ಯಕೀಯ ವಿದ್ಯಾರ್ಥಿಗಳು ಹಾಸ್ಟೆಲಿನ ಬಳಿ ಕಟ್ಟಿದ ಇಟ್ಟಿಗೆಯ ಕಂಬ ಅದು, ಸುಮಾರು 10 ಅಡಿ ಎತ್ತರ. ನಕ್ಷೆ ಬರೆದ ಬದ್ರುಲ್ ಆಲಂ ಕೂಡ ಅಲ್ಲಿನ ವಿದ್ಯಾರ್ಥಿಯೇ. ಕಾಲೇಜಿನ ಕಟ್ಟಡ ಕಾಮಗಾರಿಗೆಂದು ತಂದಿಟ್ಟಿದ್ದ ಇಟ್ಟಿಗೆ, ಮರಳು ಅಲ್ಲೇ ಬಿದ್ದಿದ್ದವು. ಸಿಮೆಂಟಿನ ಗೋದಾಮಿನ ಬೀಗದ ಕೈಯನ್ನು ಹಳೆ ಢಾಕಾದ ಗುತ್ತಿಗೆದಾರ ಪಿಯಾರು ಸರ್ದಾರ್ ಕೊಟ್ಟರು. ಹುಡುಗರು ಸಾಲಾಗಿ ನಿಂತು ಇಟ್ಟಿಗೆ ದಾಟಿಸಿದರು. 26ರಂದು ಪೊಲೀಸರು ಬಂದು ಕೆಡವಿದರು. ಕೂಡಲೇ ಅಲಾಉದ್ದೀನ್ ಅಲ್ ಆಜಾದ್ ಕವಿತೆ ಬರೆದರು: ಸ್ಮಾರಕ ಒಡೆದರೇನು ಗೆಳೆಯಾ, ಹೆದರಬೇಡ, ನಾವಿನ್ನೂ ನಾಲ್ಕು ಕೋಟಿ ಕುಟುಂಬಗಳು ನಿಂತಿದ್ದೇವೆ ಎಂಬರ್ಥದ್ದು. ಇದನ್ನು ಊರೂರಿನವರು ಅಕ್ಷರಶಃ ತೆಗೆದುಕೊಂಡರು. ಶಾಲೆಗಳ ಅಂಗಳದಲ್ಲಿ ಇಟ್ಟಿಗೆ, ಬಿದಿರು, ಬಾಳೆದಿಂಡು ಏನು ಸಿಕ್ಕಿತೋ ಅದರಿಂದ ಮಿನಾರು ಎದ್ದವು. ಇಂದಿಗೂ ಹಳ್ಳಿಯ ಮಕ್ಕಳು ಹಾಗೆ ಮಾಡುತ್ತಾರೆ. ಬಾಳೆದಿಂಡಿನ ಮಿನಾರನ್ನು ಪೊಲೀಸರು ಬಂದು ಕೆಡವಿದರೆ ಯಾರಿಗೂ ನಷ್ಟವಿಲ್ಲ, ಹಿತ್ತಲಲ್ಲಿ ಇನ್ನೊಂದು ಗಿಡವಿರುತ್ತದೆ.

ಶಾಶ್ವತ ಮಿನಾರಿನ ಕಥೆ ಇಷ್ಟು ಸರಳವಲ್ಲ. 1956ರಲ್ಲಿ ಅಡಿಗಲ್ಲು, 1957ರ ಕೊನೆಗೆ ಕೆಲಸ ಶುರು. ಚಿತ್ರಕಾರ ಹಮೀದುರ್ ರಹಮಾನ್ ಮತ್ತು ಶಿಲ್ಪಿ ನೊವೇರಾ ಅಹ್ಮದ್ ಜಾಗದಲ್ಲೇ ಇದ್ದು ದುಡಿದರು. ನಡುವೆ ಬಾಗಿದ ತಾಯಿ, ಎರಡೂ ಕಡೆ ಮಕ್ಕಳು, ಹೀಗೆ ಕಂಬಗಳು. ಕಂಬಗಳಲ್ಲಿ ಕಣ್ಣಿನಾಕಾರದ ಬಣ್ಣದ ಗಾಜು, ಬಿಸಿಲು ಸರಿದಂತೆ ನೆಲದ ಮೇಲೆ ಸರಿಯುವ ಬಣ್ಣ. ಕೆಳಗೆ ದೊಡ್ಡ ಭಿತ್ತಿಚಿತ್ರ, ನೊವೇರಾ ಅವರ ಶಿಲ್ಪಗಳು. 1958ರಲ್ಲಿ ಸೇನಾಡಳಿತ ಬಂತು, ಕೆಲಸ ನಿಂತಿತು. ಕೊನೆಗೆ ತುಂಡರಿಸಿದ ನಕ್ಷೆಯಂತೆ ಮುಗಿದ ಮಿನಾರನ್ನು 1963ರಲ್ಲಿ ಬರ್ಕತ್‌ನ ತಾಯಿ ಹಸೀನಾ ಬೇಗಂ ಉದ್ಘಾಟಿಸಿದರು. 1971ರ ಮಾರ್ಚಿನಲ್ಲಿ ಸೇನೆ ಅದನ್ನು ಒಡೆದು ಹಾಕಿ ಆ ಜಾಗದಲ್ಲಿ ‘ಮಸೀದಿ’ ಎಂಬ ಫಲಕ ನೆಟ್ಟಿತು. ಸ್ವಾತಂತ್ರ್ಯದ ಮೇಲೆ ಮತ್ತೆ ಕಟ್ಟಿದ್ದೇ ಈಗಿರುವುದು. ಗಾಜಿನ ಕಣ್ಣುಗಳು ಬರಲಿಲ್ಲ, ಭಿತ್ತಿಚಿತ್ರವೂ ಬರಲಿಲ್ಲ.

ನೊವೇರಾ ಕೂಡ ಬರಲಿಲ್ಲ. ಅವರು ಫ್ರಾನ್ಸಿಗೆ ಹೋಗಿ ನೆಲೆಸಿದರು. ಬಹುಕಾಲ ಮಿನಾರಿನ ಮಾತು ಬಂದಾಗ ಹಮೀದುರ್ ರಹಮಾನರ ಹೆಸರೊಂದೇ ಕೇಳುತ್ತಿತ್ತು. ಯಾರ ಪಾಲು ಎಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ. 1997ರಲ್ಲಿ ಸರ್ಕಾರ ನೊವೇರಾ ಅವರಿಗೆ ಪ್ರಶಸ್ತಿ ಘೋಷಿಸಿತು, ಅದರ ಹೆಸರು ಏಕುಶೆ ಪದಕ. ಸ್ವೀಕರಿಸಲು ಅವರು ಢಾಕಾಕ್ಕೆ ಹೋಗಲಿಲ್ಲ. 2015ರಲ್ಲಿ ಫ್ರಾನ್ಸಿನಲ್ಲೇ ತೀರಿಕೊಂಡರು. ಸತ್ತವರ ಹೆಸರನ್ನು ಅಷ್ಟು ಜತನದಿಂದ ಕಾಪಾಡಿದ ನಾಡು ಬದುಕಿದ್ದ ಶಿಲ್ಪಿಯ ಹೆಸರನ್ನು ಇಷ್ಟು ಸಲೀಸಾಗಿ ಕೈಬಿಟ್ಟಿತಲ್ಲ ಎಂದು ನನಗೆ ಸಿಟ್ಟಿದೆ.

ನಾನೂ ಒಮ್ಮೆ ಫೆಬ್ರುವರಿಯಲ್ಲಿ ಢಾಕಾದಲ್ಲಿದ್ದೆ. 20ರ ರಾತ್ರಿ ಚಾರುಕಲಾದ (ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದ) ವಿದ್ಯಾರ್ಥಿಗಳು ಮಿನಾರಿನ ಮುಂದಿನ ರಸ್ತೆಯ ತುಂಬ ಆಲ್ಪನಾ ಬರೆಯುತ್ತಿದ್ದರು. ನಮ್ಮ ರಂಗೋಲಿಯ ಬಳಗಕ್ಕೆ ಸೇರಿದ್ದು, ಆದರೆ ಹಿಟ್ಟಿನ ಬದಲು ಪೇಂಟು, ಹೊಸ್ತಿಲ ಬದಲು ಡಾಂಬರು ರಸ್ತೆ. ಬಕೆಟ್ ಹಿಡಿದು ಬಗ್ಗಿದ್ದ ಒಬ್ಬ ಹುಡುಗಿಯನ್ನು, ‘ಬೆಳಿಗ್ಗೆ ಇಷ್ಟು ಜನ ತುಳಿದರೆ ಉಳಿಯುತ್ತದೆಯೇ?’ ಎಂದು ಕೇಳಿದೆ. ‘ತುಳಿಯಲಿ ಎಂದೇ ಬರೆಯುವುದು’ ಎಂದಳು, ತಲೆ ಎತ್ತದೆ. ಮರುದಿನ ಬೆಳಗಿನ ಜಾವದಿಂದ ಬರಿಗಾಲಿನ ಸಾಲು, ಎದೆಗೆ ಕಪ್ಪು ಪಟ್ಟಿ, ಕೈಯಲ್ಲಿ ಚೆಂಡುಹೂವು. ಮಧ್ಯಾಹ್ನದ ಹೊತ್ತಿಗೆ ಸುರುಳಿಗಳೆಲ್ಲ ಮಾಸಿದ್ದವು. ಹಾದಿಯಲ್ಲಿ ಬಟ್ಟೆ ಅಂಗಡಿಗಳು ಕಪ್ಪು ಬಿಳುಪಿನ ಸೀರೆ ಕುರ್ತಾಗಳನ್ನು ತೂಗುಹಾಕಿದ್ದವು, ಅಕ್ಷರಮಾಲೆ ಅಚ್ಚಾದವು. ಶೋಕಕ್ಕೂ ಒಂದು ಸೀಸನ್ ಇದೆಯಲ್ಲ ಎಂದು ಮುಖ ಸಿಂಡರಿಸಿದೆ, ಆಮೇಲೆ ಒಂದು ಕುರ್ತಾ ಕೊಂಡೆ.

ಪಾತ್ರೆ ಉಳಿದಿದ್ದರೆ

ಹಾಗಾದರೆ ಸಿಟ್ಟು ಸತ್ತು ಶೋಕ ಉಳಿಯಿತು, ಶೋಕ ಸತ್ತು ಹಬ್ಬ ಉಳಿಯಿತು ಎನ್ನಬಹುದೇ? ನಾನು ಬಹುಕಾಲ ಹಾಗೆಯೇ ವಾದಿಸುತ್ತಿದ್ದೆ. ಆ ವಾದಕ್ಕೆ ಅಡ್ಡ ಬಂದದ್ದು ಜಹೀರ್ ರೈಹಾನ್. 1952ರಲ್ಲಿ 144ನೇ ಸೆಕ್ಷನ್ ಮುರಿಯಲು ಹೊರಟ ಮೊದಲ ಹತ್ತು ಜನರ ತಂಡದಲ್ಲಿದ್ದವರು ಅವರು. ಅವರ ‘ಆರೇಕ್ ಫಾಲ್ಗುನ್’ ಕಾದಂಬರಿ ನಡೆಯುವುದು ಗೋಲಿಬಾರಿನ ದಿನವಲ್ಲ. 1955ರಲ್ಲಿ, ಆ ದಿನವನ್ನು ಆಚರಿಸಲು ಹೋಗಿ ಬಂಧನಕ್ಕೊಳಗಾಗುವ ಹುಡುಗ ಹುಡುಗಿಯರ ನಡುವೆ. ಜೈಲಿನ ಬಾಗಿಲಲ್ಲಿ ಹೆಸರು ಕೂಗಿ ಕೂಗಿ ಅಧಿಕಾರಿಗೆ ಸುಸ್ತು. ಇಷ್ಟಕ್ಕೇ ಗಾಬರಿಯೇ, ಬರುವ ಫಾಲ್ಗುಣಕ್ಕೆ ನಾವು ಇಮ್ಮಡಿಯಾಗುತ್ತೇವೆ ಎಂಬ ಉತ್ತರ ಬರುತ್ತದೆ. ಅಂದರೆ ಆಚರಣೆಯೇ ಅಪರಾಧವಾಗಿದ್ದ ಕಾಲವದು. ಹೂವಿಡಲು ಹೋಗುವುದೇ ಸಾಕಷ್ಟು ಸಿಟ್ಟಿನ ಕೆಲಸವಾಗಿತ್ತು.

1970ರಲ್ಲಿ ಅವರು ತೆಗೆದ ‘ಜೀಬನ್ ಥೇಕೇ ನೇಯಾ’ ಚಿತ್ರದಲ್ಲಿ ಒಂದು ಮನೆ, ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ ಎಲ್ಲರನ್ನೂ ಆಳುವ ಅಕ್ಕ, ಬಾಯಿ ಸತ್ತ ಗಂಡ, ತಮ್ಮಂದಿರು. ನೋಡಿದವರಿಗೆಲ್ಲ ಅದು ಅಯೂಬ್ ಖಾನನ ಪಾಕಿಸ್ತಾನ ಎಂದು ಗೊತ್ತು. ಸೆನ್ಸಾರಿನವರಿಗೂ ಗೊತ್ತು, ತಡೆದು ನೋಡಿದರು, ಕೊನೆಗೆ ಬಿಟ್ಟರು. ಚಿತ್ರದ ನಡುವೆ ನಿಜವಾದ ಪ್ರಭಾತ ಫೇರಿಯ ದೃಶ್ಯಗಳು ಬರುತ್ತವೆ, ಗಫ್ಫಾರ್ ಚೌಧುರಿಯ ಹಾಡು ಬರುತ್ತದೆ. ಅದೇ ಮೊದಲ ಸಾಲು, ಅದೇ ನಿಧಾನ ರಾಗ. ಆದರೆ 1970ರ ಚಿತ್ರಮಂದಿರದಲ್ಲಿ ಅದು ತಲೆ ತಗ್ಗಿಸುವ ಹಾಡಾಗಿರಲು ಸಾಧ್ಯವಿಲ್ಲ. ಸರ್ಪಗಳನ್ನು ಎಬ್ಬಿಸುವ ಸಾಲುಗಳನ್ನು ಯಾರೂ ಹಾಡಬೇಕಾಗಿಯೇ ಇರಲಿಲ್ಲ, ಕೇಳುತ್ತಿದ್ದವರೇ ತುಂಬಿಕೊಂಡರು. ಶೋಕ ಪ್ರತಿವರ್ಷ ತಪ್ಪದೆ ನಡೆದುಕೊಂಡು ಬಂದದ್ದರಿಂದಲೇ ಹದಿನೆಂಟು ವರ್ಷಗಳ ಬಳಿಕ ಸಿಟ್ಟಿಗೆ ಒಂದು ಪಾತ್ರೆ ಸಿಕ್ಕಿತು. ಬರೀ ಸಿಟ್ಟಿನ ಕವಿತೆ, ಚಿತ್ತಗಾಂಗಿನದು, ಅಷ್ಟರಲ್ಲಿ ಕಳೆದುಹೋಗಿತ್ತಲ್ಲ.

ಹನ್ನೊಂದು ಜನರ ಹಾಡು

ಪಾತ್ರೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಿಲ್ಚರಿನ ಹಿರಿಯರೇ ಸಾಕ್ಷಿ. ಅವರನ್ನು ಮತ್ತೊಮ್ಮೆ ಭೇಟಿಯಾದಾಗ ಮೇ 19ರ ಮಾತು ತೆಗೆದರು. ಅಸ್ಸಾಮಿಯನ್ನು ರಾಜ್ಯಭಾಷೆ ಮಾಡುವ 1960ರ ಕಾನೂನಿನ ವಿರುದ್ಧ ಬರಾಕ್ ಕಣಿವೆಯ ಬಂಗಾಳಿಗಳು ಎದ್ದರು. 1961ರ ಮೇ 19ರಂದು ಸಿಲ್ಚರ್ ರೈಲು ನಿಲ್ದಾಣದಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು, ಹನ್ನೊಂದು ಜನ ಸತ್ತರು. ಅವರಲ್ಲಿ ಕಮಲಾ ಭಟ್ಟಾಚಾರ್ಯ ಆಗಷ್ಟೇ ಮೆಟ್ರಿಕ್ ಪರೀಕ್ಷೆ ಬರೆದಿದ್ದ ಹುಡುಗಿ. ಕಣಿವೆಯಲ್ಲಿ ಕವಿತೆಗಳಿವೆ, ನಾಟಕಗಳಿವೆ, ಸ್ಮಾರಕಗಳಿವೆ. ‘ಕೋಲ್ಕತ್ತದಲ್ಲಿ ಫೆಬ್ರುವರಿಯಲ್ಲಿ ಬೀದಿಗೊಂದು ಕಾರ್ಯಕ್ರಮ. ಮೇ ತಿಂಗಳಲ್ಲಿ ಬಿಸಿಲು ಜಾಸ್ತಿ ನೋಡಿ’ ಎಂದು ನಕ್ಕರು. ಅವರ ಹನ್ನೊಂದು ಜನರಿಗೆ ಅಲ್ತಾಫ್ ಮಹಮೂದನಂಥ ಒಬ್ಬ ಸಿಗಲಿಲ್ಲ, ಊರಾಚೆಗೆ ದಾಟುವ ರಾಗ ಸಿಗಲಿಲ್ಲ. ಜೊತೆಗೆ ಆ ಸಾವುಗಳ ಬೆನ್ನಿಗೆ ಹೊಸ ದೇಶವೊಂದು ಹುಟ್ಟಲಿಲ್ಲ. ಪಠ್ಯಪುಸ್ತಕ, ರಜೆ, ಪದಕ ಎಲ್ಲ ಕೊಡುವುದು ದೇಶಗಳೇ. 1999ರಲ್ಲಿ ಯುನೆಸ್ಕೊ ಜಗತ್ತಿಗೆಲ್ಲ ಮಾತೃಭಾಷಾ ದಿನ ಕೊಟ್ಟಾಗ ಆಯ್ದುಕೊಂಡ ದಿನಾಂಕವೂ ಢಾಕಾದ್ದೇ. ಅದೇ ಢಾಕಾದ ಆಳ್ವಿಕೆಯಲ್ಲಿ ಚಾಕ್ಮಾ, ಮಾರ್ಮಾ ಮಾತಾಡುವ ಗುಡ್ಡಗಾಡಿನ ಮಕ್ಕಳು ಫೆಬ್ರುವರಿ 21ರಂದು ಬಂಗಾಳಿ ಅಕ್ಷರಗಳಿಗೆ ಹೂವಿಡುತ್ತಾರೆ ಎಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಆ ಹಿರಿಯರು ಈಗ ಸಿಕ್ಕಿದರೆ ಹೇಳಬೇಕಾದದ್ದೊಂದಿದೆ. 2024ರ ಫೆಬ್ರುವರಿ 21ರ ಮೊದಲ ನಿಮಿಷಗಳಲ್ಲಿ, ಪ್ರತಿವರ್ಷದ ಪದ್ಧತಿಯಂತೆ, ಪ್ರಧಾನಿ ಶೇಖ್ ಹಸೀನಾ ಮಿನಾರಿನ ಬಳಿ ಪುಷ್ಪಚಕ್ರ ಇಟ್ಟರು. ಆಗಸ್ಟ್ 3ರಂದು ಅದೇ ಮಿನಾರಿನ ಮುಂದೆ ಸೇರಿದ ಭಾರೀ ಜನಸಮೂಹದೆದುರು ವಿದ್ಯಾರ್ಥಿಗಳು ಒಂದೇ ಒಂದು ಬೇಡಿಕೆ ಓದಿದರು: ಸರ್ಕಾರ ಇಳಿಯಬೇಕು. ಎರಡು ದಿನಗಳಲ್ಲಿ ಪ್ರಧಾನಿ ದೇಶ ಬಿಟ್ಟರು. ಆ ಬಳಿಕ ಬಂದ ಆಡಳಿತಕ್ಕೂ ಮಿನಾರು ಬಿಡುವು ಕೊಡಲಿಲ್ಲ. ಸಂಬಳ, ಮನೆ ಬಾಡಿಗೆ ಭತ್ಯೆ ಹೆಚ್ಚಿಸಿ ಎಂದು 2025ರಲ್ಲಿ ಶಾಲಾ ಶಿಕ್ಷಕರು ಅಲ್ಲೇ ಚಾಪೆ ಹಾಸಿ ಕೂತರು, ಉಪವಾಸ ಮಾಡಿದರು, ಪೊಲೀಸರೊಂದಿಗೆ ಜಗಳವಾಡಿದರು.